ಮೇಡಂ ಕೇಳಿಸಿಕೊಂಡ ಮಾತುಗಳು

ಬೆಳಗಿನಿಂದ ಮೊದಲ ಸಾಲನ್ನು ಬರೆಯುವುದು, ಹೊಡೆದುಹಾಕುವುದು, ಇಷ್ಟೇ ಆಗಿದೆ. 'ದಿವಂಗತರು ಮೃದುಭಾಷಿಗಳಾಗಿದ್ದರು' ಎಂದು ಬರೆದೆ. ನನಗೇ ನಗು ಬಂತು. ಮೇಡಂ ಮೃದುಭಾಷಿ ಅನ್ನುವುದೂ ಒಂದೇ, ಹಾಸನದ ಬಸ್‌ಸ್ಟ್ಯಾಂಡು ಬಹಳ ಪ್ರಶಾಂತವಾಗಿರುತ್ತದೆ ಅನ್ನುವುದೂ ಒಂದೇ. ಅದನ್ನು ಹೊಡೆದು 'ಶಿಕ್ಷಕ ವೃತ್ತಿಯನ್ನೇ ಉಸಿರಾಗಿಸಿಕೊಂಡಿದ್ದ' ಎಂದು ಬರೆದೆ. ಈ ಮಾತನ್ನು ನನ್ನ ನಿವೃತ್ತಿಯ ದಿನ ನನಗೂ ಅಂದಿದ್ದರು, ನನ್ನ ಹಿಂದಿನ ಹೆಡ್ಮಾಸ್ಟರಿಗೂ ಅಂದಿದ್ದರು. ಎದ್ದು ಬಾಗಿಲ ತನಕ ಹೋಗಿ ಬಂದೆ. ಮತ್ತೆ ಕೂತೆ. ಬರೆಯುವವರ ಕುರ್ಚಿಯಲ್ಲಿ ತಿಗಣೆ ಇರುತ್ತದೆ ಅಂತ ಕಾಣುತ್ತದೆ.

ಮೇಡಂ ಹೋಗಿ ಈಗ ತಿಂಗಳ ಮೇಲಾಯಿತು. ಹೊಳೆನರಸೀಪುರದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಅವರು ಕನ್ನಡ ಹೇಳುತ್ತಿದ್ದರು, ನಾನು ಸಮಾಜ. ಒಂದೇ ಸ್ಟಾಫ್ ರೂಮಿನಲ್ಲಿ ಬಹಳ ವರ್ಷ ಜಗಳ ಆಡಿದವರು ನಾವು. ಅವರ ಹಳೇ ವಿದ್ಯಾರ್ಥಿನಿಯರೆಲ್ಲ ಸೇರಿ ನೆನಪಿನ ಪುಸ್ತಕ ತರುತ್ತಿದ್ದಾರೆ. ಅದರ ಉಸ್ತುವಾರಿ ಹೊತ್ತ ಹುಡುಗಿ (ಹುಡುಗಿ ಏನು, ಅವಳಿಗೇ ಈಗ ಮದುವೆ ವಯಸ್ಸಿನ ಮಗಳಿದ್ದಾಳೆ) ಫೋನು ಮಾಡಿ, "ಸಾ, ನೀವು ಬರೀಲೇಬೇಕು. ಆದ್ರೆ ಮೇಡಂ ಆಡ್ತಿದ್ದ ಮಾತನ್ನ ಸ್ವಲ್ಪ ಶುದ್ಧ ಮಾಡಿ ಬರೀರಿ ಸಾ. ಬುಕ್ಕಲ್ಲಿ ಬರೋದಲ್ವಾ, ಗೌರವವಾಗಿರ್ಲಿ" ಅಂದಳು.

ಅಲ್ಲಿಂದ ಶುರುವಾದ ಕಿರಿಕಿರಿ ಇದು. ಮೇಡಂ ಮಾತನ್ನು ಶುದ್ಧ ಮಾಡಿದರೆ ಉಳಿಯುವುದೇನು? ಒಂದು ಕನ್ನಡಕ, ಒಂದು ಕೊಡೆ. ಆಡಿದ ಹಾಗೇ ಬರೆದರೆ ಓದಿದವರು ಎಲ್ಲಿ ಆಡಿಕೊಂಡು ನಗುತ್ತಾರೋ ಅಂತ ಭಯ. ಅದಕ್ಕಿಂತ ದೊಡ್ಡ ಭಯ ಇನ್ನೊಂದಿದೆ. ಮೇಡಂ ಮನೆಯಲ್ಲಿ ಅವರ ಅಕ್ಕ ಇದ್ದಾರೆ. ಬರೆದ ಮಾತಿನಿಂದಲೇ ಆ ಅಕ್ಕನಿಗೆ ಒಂದು ಸಲ ಏಟು ಬಿದ್ದಿದೆ. ತಂಗಿ ಕೊಟ್ಟ ಏಟಿನ ಮೇಲೆ ನಾನೂ ಒಂದು ಕೊಟ್ಟ ಹಾಗೆ ಆಗಬಾರದು. ಆ ಕತೆಯನ್ನು ಬಿಟ್ಟು ಮೇಡಂ ವಿಷಯ ಬರೆಯೋಣವೆಂದರೆ ಅದೂ ಆಗದು.

ಮೇಡಂ ಕೂತಿದ್ದನ್ನು ನಾನು ನೋಡಿದ್ದೇ ಕಡಿಮೆ. ಸ್ಟಾಫ್ ರೂಮಿನ ಬಾಗಿಲಿಗೆ ಒರಗಿಕೊಂಡು, ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟು, ಸೆರಗಿನ ತುದಿಯಲ್ಲಿ ಕಟ್ಟಿಕೊಂಡ ಕಡಲೇಕಾಯಿ ಬಿಡಿಸುತ್ತ ನಿಂತಿರುತ್ತಿದ್ದರು. ಕೂತುಕೊಳ್ಳಿ ಮೇಡಂ ಅಂದರೆ, "ಕೂತ್ರೆ ನಿಮ್ಮ ಮಾತು ಮಾತ್ರ ಕೇಳ್ಸತ್ತೆ ಕಣ್ರೀ. ಇಲ್ಲಿ ನಿಂತ್ರೆ ಕಾರಿಡಾರಿಂದೂ ಕೇಳ್ಸತ್ತೆ" ಅನ್ನುತ್ತಿದ್ದರು. ಯಾರಾದರೂ ಮಾತಾಡಿದರೆ ಅದನ್ನು ಹಿಂದೆಯೇ ತುಟಿಯೊಳಗೆ ಇನ್ನೊಂದು ಸಲ ಆಡಿಕೊಳ್ಳುವುದು ಅವರ ಅಭ್ಯಾಸ. ಶಬ್ದ ಹೊರಡುತ್ತಿರಲಿಲ್ಲ, ತುಟಿ ಮಾತ್ರ ಅಲ್ಲಾಡುತ್ತಿತ್ತು. ದೇವಸ್ಥಾನದ ಬೀದಿಯವರು, ಅರ್ಚಕರ ಮಗಳು, ಏನೋ ಜಪ ಮಾಡುತ್ತಾರೆ ಅಂತ ಹೊಸಬರು ಅಂದುಕೊಳ್ಳುತ್ತಿದ್ದರು. ಅರಕಲಗೂಡು ಬಸ್ಸಿನ ಕಂಡಕ್ಟರ್ ಒಬ್ಬ, "ಅಮ್ಮಾ, ದೇವ್ರನಾಮ ಆಮ್ಯಾಕೆ ಯೋಳ್ಕಳಿ, ಮೊದ್ಲು ಟಿಕೀಟ್ ತಗಳಿ" ಅಂದನಂತೆ. ಮೇಡಂ ಸ್ಕೂಲಿಗೆ ಬಂದು ಅದನ್ನು ಅವನ ದನಿಯಲ್ಲೇ ಹೇಳಿ ನಮ್ಮನ್ನೆಲ್ಲ ನಗಿಸಿದರು. ಅರಕಲಗೂಡಿನಲ್ಲಿ ಅವರಿಗೆ ಯಾರೂ ಇರಲಿಲ್ಲ. ಭಾನುವಾರ ಸುಮ್ಮನೆ ಬಸ್ಸು ಹತ್ತಿ, ಹೋಗಿ, ಒಂದು ಕಾಫಿ ಕುಡಿದು, ಬರುತ್ತಿದ್ದರು. ಬಸ್ಸಿನಲ್ಲಿ ಜನ ಮಾತಾಡುತ್ತಾರಲ್ಲ, ಅದಕ್ಕೆ.

ಹೀಗೆ ಕೂಡಿಟ್ಟುಕೊಂಡ ಮಾತೆಲ್ಲ ಹೊರಬೀಳುತ್ತಿದ್ದದ್ದು ಶಾಲೆಯ ವಾರ್ಷಿಕೋತ್ಸವದ ನಾಟಕದಲ್ಲಿ. ಹಳ್ಳಿಯ ಹುಡುಗಿಯರು ಊರಿನ ಬಸ್ಸು ಹಿಡಿಯಬೇಕು ಅಂತ ನಮ್ಮದು ಮಧ್ಯಾಹ್ನದ ವಾರ್ಷಿಕೋತ್ಸವ. ನಾಟಕ ಬರೆಯುವುದು, ಆಡಿಸುವುದು ಎಲ್ಲ ಮೇಡಮ್ಮೇ. ಮಾತು ಬರೆಯುವುದರಲ್ಲಿ ಅವರಿಗೆ ಅವರದೇ ಪಟ್ಟು. ನಾನೊಮ್ಮೆ, "ನಮ್ಮೂರ ಕಡೆಯವರ ಮಾತು ಬರೆಯೋದೇನು ಕಷ್ಟ ಮೇಡಂ, ಹಕಾರ ತೆಗೆದು ಅಕಾರ ಹಾಕಿದ್ರೆ ಆಯ್ತಲ್ಲ" ಅಂದೆ. ಕಡಲೇಕಾಯಿ ಬಿಡಿಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು.

"ಅದು ಬರೆಯೋದಲ್ಲ ಮೇಷ್ಟ್ರೇ, ಅಣಕಿಸೋದು. ಎಲ್ಲಾ ಕಡೆ ಅಂಗೆ ಇಂಗೆ ಅಂತ ತುಂಬಿದ್ರೆ ಓದೋನಿಗೆ ಆ ಮನುಷ್ಯ ಕಾಣಲ್ಲ, ಬರೀ ಅಂಗೆ ಇಂಗೆ ಕಾಣತ್ತೆ. ಒಂದೆರಡು ಕಡೆ ಸಾಕು, ಮಿಕ್ಕಿದ್ದನ್ನ ಕಿವಿನೇ ಹಾಕ್ಕೊಳತ್ತೆ. ಅವನು ಮಾತು ಎಲ್ಲಿಂದ ಶುರು ಮಾಡ್ತಾನೆ, ಎಲ್ಲಿ ತಡೀತಾನೆ, ಸಿಟ್ಟು ಬಂದಾಗ ಯಾರನ್ನ ಕರೀತಾನೆ, ಅದು ಹಿಡೀಬೇಕು. ಈಗ ನಿಮ್ಮನ್ನೇ ತಗೊಳ್ಳಿ. ನೀವು ಸಿಟ್ಟು ಬಂದಾಗ ಮಾತ್ರ ಬಾಗೂರಿನೋರು, ಮಿಕ್ಕ ಹೊತ್ತೆಲ್ಲ ಸಮಾಜದ ಟೆಕ್ಸ್ಟ್‌ಬುಕ್ಕು."

ನನಗೆ ಸಿಟ್ಟೇ ಬಂತು. ಆದರೆ ಸುಳ್ಳು ಅನ್ನುವ ಹಾಗಿರಲಿಲ್ಲ. ಬಾಗೂರು ಕಡೆಯ ಒಕ್ಕಲಿನ ಮನೆಯಿಂದ ಮೊದಲು ಮೇಷ್ಟರಾದವನು ನಾನು. ಕ್ಲಾಸಿನಲ್ಲಿ ನಾಲಿಗೆಗೆ ಇಸ್ತ್ರಿ ಹಾಕಿಕೊಂಡೇ ಮಾತಾಡುತ್ತಿದ್ದೆ.

ನಮ್ಮಪ್ಪ ಹಾಗಲ್ಲ. ಅವರು ವಿಧಾನಸೌಧಕ್ಕೆ ಹೋದರೂ ತೋಟದಲ್ಲಿ ಮಾತಾಡಿದ ಹಾಗೇ ಮಾತಾಡುವವರು. ಒಂದು ದಿನ ನನಗೆ ಅಂತ ಒಂದು ಚೀಲ ತೆಂಗಿನಕಾಯಿ ಹೊತ್ತುಕೊಂಡು ಸೀದಾ ಸ್ಟಾಫ್ ರೂಮಿಗೇ ಬಂದರು. ಬರುವಾಗ ಬಸ್ಸಿನಲ್ಲಿ ಜಗಳವಾಗಿತ್ತು. ಕಾಯಿಗೂ ಲಗೇಜು ಟಿಕೆಟ್ಟು ಹರಿದಿದ್ದ ಕಂಡಕ್ಟರ್. ಇವರು ಚೀಲವನ್ನೆತ್ತಿ ಸೀಟಿನ ಮೇಲೆ ತಮ್ಮ ಪಕ್ಕ ಕೂರಿಸಿಕೊಂಡುಬಿಟ್ಟಿದ್ದರು.

"ಅಲ್ಲಾ ಕಣಮ್ಮಾರೆ, ನೀವೇ ಯೋಳಿ. ನಾನೂ ಟಿಕೀಟ್ ತಗಂಡಿವ್ನಿ, ಅದೂ ಟಿಕೀಟ್ ತಗಂಡದೆ. ನಾನ್ ಸೀಟಲ್ ಕೂತ ಮ್ಯಾಕೆ ಅದ್ಯಾಕೆ ಕೆಳುಗ್ ಕೂತ್ಕಂಬೇಕು? ಅದೇನ್ ಪಾಪ ಮಾಡ್ಯದೆ?" ಅಂತ ಮೇಡಮ್ಮನ್ನೇ ನ್ಯಾಯ ಕೇಳಿದರು. ಮೇಡಂ ಅವತ್ತು ಮೊದಲ ಸಲ ಕುರ್ಚಿ ಎಳೆದುಕೊಂಡು ಕೂತರು. ತುಟಿ ಅಲ್ಲಾಡುತ್ತಲೇ ಇತ್ತು. "ಆಮೇಲೆ ಏನಾಯ್ತು ಗೌಡ್ರೇ?" ಅಂತ ಕೇಳಿ ಕೇಳಿ ಇಡೀ ಕತೆಯನ್ನು ಎರಡು ಸಲ ಹೇಳಿಸಿದರು. ಕೊನೆಗೆ ಅಪ್ಪ, "ಓಗ್ಲಿ ಬುಡಿ, ಅವುನ್ದೂ ಒಟ್ಟೆಪಾಡು" ಅಂದು ಕಂಡಕ್ಟರನನ್ನು ಕ್ಷಮಿಸಿ, ಮೇಡಮ್ಮಿಗೂ ಒಂದು ಕಾಯಿ ಕೊಟ್ಟು ಹೊರಟರು.

ಆ ವರ್ಷದ ನಾಟಕದಲ್ಲಿ ಅದೇ ಬಸ್ಸು, ಅದೇ ಚೀಲ, ಅದೇ ಜಗಳ. ಪೇಟ ಸುತ್ತಿಕೊಂಡ ಒಂಬತ್ತನೇ ಕ್ಲಾಸಿನ ಹುಡುಗಿ ನಮ್ಮಪ್ಪನ ದನಿಯನ್ನು ಎತ್ತಿ ಇಟ್ಟ ಹಾಗೆ ಆಡಿಬಿಟ್ಟಳು. ಶಾಮಿಯಾನ ಹಾರಿಹೋಗುವ ಹಾಗೆ ಜನ ನಕ್ಕರು. ನಾನು ಕರೆಸಿದ್ದರಿಂದ ಅಪ್ಪನೂ ಬಂದಿದ್ದರು, ಅವರೂ ನಕ್ಕರು. ಮುಗಿದ ಮೇಲೆ ಬಸ್‌ಸ್ಟ್ಯಾಂಡಿಗೆ ಬಿಡಲು ಜೊತೆಯಲ್ಲಿ ಹೋದೆ. ಅರ್ಧ ದಾರಿಯಲ್ಲಿ ಅಂದರು.

"ಆಟ ಚೆಂದಾಗಿತ್ತು ಕಣ್ಲಾ. ಆದ್ರೆ ಆ ಬಸ್ಸಲ್ಲಿ ಡಾಕುಟ್ರು, ಮೇಷ್ಟ್ರು, ಕಂಡಕ್ಟ್ರು ಎಲ್ಲಾ ಪುಸ್ತುಕ ಓದ್ದಂಗೆ ಮಾತಾಡ್ತಿದ್ರು. ನಾನೊಬ್ನೇ ಬಾಯಲ್ಲಿ ಮಾತಾಡ್ತಿದ್ದೆ. ಅದ್ಕೇ ನಗಾಡುದ್ರು."

ನಾನು ಏನೋ ಸಮಾಧಾನ ಹೇಳಲು ಹೋದೆ. "ಓಗ್ಲಿ ಬುಡು" ಅಂದರು. ಆದರೆ ಈ ಸಲದ ಓಗ್ಲಿ ಬುಡು ಬೇರೆ ಥರ ಇತ್ತು. ಅಪ್ಪನಿಗೆ ಅವಮಾನವಾಗಿತ್ತು.

ಸೋಮವಾರ ಸ್ಟಾಫ್ ರೂಮಿನಲ್ಲಿ ನಾನು ಮೇಡಮ್ಮಿನ ಮೇಲೆ ಎಗರಾಡಿದೆ. ಬಾಗೂರಿನ ನಾಲಿಗೆಯಲ್ಲೇ ಎಗರಾಡಿದೆ. ಅಪ್ಪ ಅಂದದ್ದನ್ನು ಅಂದ ಹಾಗೇ ಹೇಳಿದೆ. ಅವರು ಮಾಮೂಲಿನಂತೆ ಎದುರುತ್ತರ ಕೊಡಲಿಲ್ಲ. "ಆಡ್ಕೊಂಡೆ ಅಂದ್ಕೊಂಡ್ರಾ? ರೀ, ಅವರು ಮಾತಾಡಿದ್ದು ನನಗೆ..." ಅಂದವರು ಕಾರಿಡಾರಿನ ಈ ತುದಿಯಿಂದ ಆ ತುದಿಗೆ ನಡೆಯತೊಡಗಿದರು. ಬೆಲ್ಲಾದರೂ ಕ್ಲಾಸಿಗೆ ಹೋಗಲಿಲ್ಲ. ಭಾನುವಾರ ಬಂದದ್ದೇ, "ನಡೀರಿ, ಬಾಗೂರಿಗೆ" ಅಂದರು.

ಅಪ್ಪ ಅಂಗಳದಲ್ಲಿ ತೆಂಗಿನ ಗರಿ ಸೀಳುತ್ತ ಕೂತಿದ್ದರು. ಮೇಡಮ್ಮನ್ನು ಕಂಡು ಎದ್ದು ಕೈಮುಗಿದರು, ಎಳನೀರು ಕೆತ್ತಿಕೊಟ್ಟರು, ಚಾಪೆ ಹಾಸಿದರು. ಮಾತು ಮಾತ್ರ ಆಡಲಿಲ್ಲ. ಮೇಡಂ ಮಳೆ ಕೇಳಿದರು, ತೋಟ ಕೇಳಿದರು, ಕಾಯಿಗೆ ಬಿದ್ದ ರೋಗ ಕೇಳಿದರು. ಎಲ್ಲಕ್ಕೂ ತಲೆ ಅಲ್ಲಾಡಿಸಿದರು, ಇಲ್ಲವೇ ನನ್ನ ಕಡೆ ತಿರುಗಿ "ನೀನೇ ಯೋಳ್ಲಾ" ಅಂದರು. ಪಕ್ಕದಲ್ಲೇ ಕೂತ ಇಬ್ಬರ ನಡುವೆ ನಾನು ದುಭಾಷಿ! ಮೇಡಂ ಎದ್ದು ಅಂಗಳದಲ್ಲಿ ಅತ್ತ ಇತ್ತ ಓಡಾಡಿ, "ಬರ್ತೀನಿ ಗೌಡ್ರೇ" ಅಂದರು. ಅಪ್ಪ ಮತ್ತೆ ಕೈಮುಗಿದರು.

ವಾಪಸ್ಸು ಬರುವಾಗ ಚನ್ನರಾಯಪಟ್ಟಣದ ಬಸ್ಸಿನಲ್ಲಿ ಹಿಂದಿನ ಸೀಟಿನವರು ಏನೇನೋ ಮಾತಾಡುತ್ತಿದ್ದರು. ಮೇಡಂ ತುಟಿ ಅಲ್ಲಾಡಲಿಲ್ಲ. "ಆ ಮನುಷ್ಯನ ಬಾಯಿ ಕಟ್ಟಿಬಿಟ್ಟೆ ಕಣ್ರೀ ನಾನು. ಎಲ್ಲರ ಮಾತೂ ಬರೆದಿದ್ರೆ ಅದು ಬಸ್ಸಾಗ್ತಿತ್ತು. ಅವರೊಬ್ರದೇ ಬರೆದೆ, ಸರ್ಕಸ್ ಆಯ್ತು" ಅಂದರು. ಇಳಿಯುವಾಗ, "ಆ ಕಂಡಕ್ಟರನ್ನೂ ಅದೇ ಬಸ್ಸು ಹತ್ತಿ ಕೇಳಿ ಬಂದಿದ್ದೆ. ಬೇಲೂರು ಕಡೆಯೋನು, ಅವನದೂ ಎಷ್ಟು ಚೆನ್ನಾಗಿತ್ತು. ನಂದಂತೂ ಬರೆಯೋಕೇ ತೋಚ್ಲಿಲ್ಲ ನೋಡಿ. ನನ್ನ ಮಾತಿಗೂ ಒಂದು ರಾಗ ಇದೆ ಅನ್ನೋದೇ ಗೊತ್ತಿರ್ಲಿಲ್ಲ" ಅಂದರು.

ಮುಂದಿನ ವರ್ಷದ ನಾಟಕಕ್ಕೆ ಹಟ ಹಿಡಿದು ತಮ್ಮ ಮನೆಯನ್ನೇ ರಂಗಕ್ಕೆ ತಂದರು. ದೇವಸ್ಥಾನದ ಬೀದಿಯ ಆ ಮನೆಯಲ್ಲಿದ್ದವರು ಇಬ್ಬರೇ, ಮದುವೆಯಾಗದ ಮೇಡಂ ಮತ್ತು ಗಂಡ ಹೋದ ಮೇಲೆ ತವರಿಗೆ ಬಂದ ಅಕ್ಕ. ಅಕ್ಕನದು ಕಟ್ಟುನಿಟ್ಟಿನ ಮಡಿ. ಒಗೆದ ಮಡಿಸೀರೆಯನ್ನು ಯಾರ ಕೈಗೂ ಸಿಗದಂತೆ ಸೂರಿನ ಗಳುವಿಗೆ ಕೋಲಿನಿಂದ ಹರವುತ್ತಿದ್ದರು. ತಂಗಿ ಸ್ಕೂಲಿನ ಅವಸರದಲ್ಲಿ ಅದಕ್ಕೆ ತಲೆ ತಾಗಿಸುವುದು, ಅಕ್ಕ ಬೈದುಕೊಂಡು ಮತ್ತೆ ನೆನೆಸುವುದು, ದಿನಾ ಇದ್ದದ್ದೇ. ಅದೇ ನಾಟಕ. "ನಿನ್ನ ತಲೇಲಿ ಕಣ್ಣಿದೆಯೋ ಕಡಲೇಕಾಯಿ ಇದೆಯೋ" ಅಂತ ಅಕ್ಕ, "ನಿನ್ನ ಸೀರೆಗೆ ನನ್ನ ತಲೆ ಕಂಡ್ರೆ ಪ್ರೀತಿ ಕಣೇ, ತಾನಾಗೇ ಇಳಿದು ಬರತ್ತೆ" ಅಂತ ತಂಗಿ, ಇಂಥ ಮಾತು ಉದ್ದಕ್ಕೂ. ಆಡಿದವರು ಅರಕಲಗೂಡು ಕಡೆಯ ಒಕ್ಕಲು ಮಕ್ಕಳು ಇಬ್ಬರು. ಮಗುವೊಂದು ಬಾಯಿತಪ್ಪಿ ತನ್ನೂರ ಮಾತು ಆಡಿದರೆ ಮೇಡಂ ಬೈಯುತ್ತಿರಲಿಲ್ಲ. "ನಮ್ಮಕ್ಕ ಬೈಯೋಕೆ ಮುಂಚೆ ಒಂದು ಉಸಿರು ಎಳ್ಕೋತಾಳೆ, ಅದನ್ನ ಎಳ್ಕೋ, ಮಾತು ತಾನೇ ಬರತ್ತೆ" ಅನ್ನುತ್ತಿದ್ದರು. ಬಂತು ಕೂಡ.

ನಾಟಕದ ದಿನ ಅಕ್ಕ ರೇಷ್ಮೆ ಸೀರೆ ಉಟ್ಟು ಮುಂದಿನ ಸಾಲಿನಲ್ಲೇ ಕೂತಿದ್ದರು. ಏನು ನಾಟಕ ಅಂತ ತಂಗಿ ಹೇಳಿರಲಿಲ್ಲ. ಮೇಡಂ ಮಾಡಿದ ದೊಡ್ಡ ತಪ್ಪು ಅದು. ಖುಷಿಪಡಿಸಬೇಕು ಅಂದುಕೊಂಡಿದ್ದರಂತೆ. ಇಡೀ ಊರು ನಗುತ್ತಿತ್ತು. ಊರು ಅಂದರೆ ಅಕ್ಕನಿಗೆ ಪೂಜೆಯ ಹೂವು ತಂದುಕೊಡುವವಳು, ಹಾಲು ಹಾಕುವವನು, ದೇವಸ್ಥಾನದಲ್ಲಿ ದಿನಾ ಸಿಗುವ ಹೆಂಗಸರು. ಅಕ್ಕ ಕೊನೆಯ ತನಕ ನೆಟ್ಟಗೆ ಕೂತಿದ್ದು, ಮುಗಿದ ಮೇಲೆ ಯಾರೊಂದಿಗೂ ಮಾತಾಡದೆ ನಡೆದುಕೊಂಡು ಮನೆಗೆ ಹೋದರು.

ಮೇಡಂ ಅದನ್ನು ಗಮನಿಸಲೇ ಇಲ್ಲ. ಯಾಕೆಂದರೆ ಅದೇ ಹೊತ್ತಿಗೆ ನಮ್ಮಪ್ಪ ಅವರ ಎದುರಿಗೆ ಬಂದು ನಿಂತಿದ್ದರು. ನಾನು ಕಾಡಿ ಬೇಡಿ ಕರೆಸಿದ್ದೆ. ಎಲ್ಲರೂ ನಕ್ಕಾಗ ಅವರು ಮಾತ್ರ ನಕ್ಕಿರಲಿಲ್ಲ, ನಾನು ನೋಡುತ್ತಲೇ ಇದ್ದೆ.

"ಯಾಕೆ ಗೌಡ್ರೇ, ಚೆನ್ನಾಗಿರ್ಲಿಲ್ವಾ?" ಅಂದರು ಮೇಡಂ.

"ಚೆಂದಾಗಿತ್ತು ಕಣಮ್ಮಾರೆ. ನೀವು ಅಕ್ಕತಂಗೇರು ಅಂಗೇ ತಾನೆ ಮಾತಾಡೋದು? ನಿಮ್ ಮಾತು ನಿಮ್ದು. ಅದ್ರಲ್ಲಿ ನಗೋದ್ ಏನದೆ?"

ವರ್ಷದ ಮೇಲೆ ಅವರು ಮೇಡಮ್ಮಿನ ಹತ್ತಿರ ಆಡಿದ ಮೊದಲ ಮಾತು. ಮೇಡಂ ಕಣ್ಣಿನಲ್ಲಿ ನೀರು ಬಂತು, ಸೆರಗಿನಲ್ಲಿ ಒರೆಸಿಕೊಳ್ಳಲು ಹೋದರೆ ಕಡಲೇಕಾಯಿ ಸಿಪ್ಪೆ ಮುಖಕ್ಕೆಲ್ಲ ಮೆತ್ತಿಕೊಂಡಿತು. ಆಗ ಮಾತ್ರ ಅಪ್ಪ ಜೋರಾಗಿ ನಕ್ಕರು. ಅಲ್ಲಿಂದಾಚೆ ಅಪ್ಪ ಸಾಯುವ ತನಕ, ಬಂದಾಗಲೆಲ್ಲ ನನ್ನನ್ನು ಬಿಟ್ಟು ಮೇಡಮ್ಮಿನ ಹತ್ತಿರವೇ ಊರ ಪಂಚಾಯ್ತಿಯೆಲ್ಲ ಹೇಳುತ್ತಿದ್ದರು.

ಒಂದು ಬಾಯಿ ಬಿಚ್ಚಿದ ದಿನವೇ ಇನ್ನೊಂದು ಮುಚ್ಚಿತು. ಅಕ್ಕ ತಂಗಿಯನ್ನು ಬೈಯುವುದನ್ನೇ ಬಿಟ್ಟರು. ಊಟ ಬಡಿಸುತ್ತಿದ್ದರು, ಜ್ವರ ಬಂದರೆ ಕಷಾಯ ಕಾಸುತ್ತಿದ್ದರು, ಆದರೆ ಮಾತು ಅಳೆದು ತೂಗಿ. "ನಮ್ಮನೇಲಿ ಈಗ ರೇಡಿಯೋ ವಾರ್ತೆ ಕಣ್ರೀ" ಅಂದರು ಮೇಡಂ ಒಂದು ದಿನ. "'ಅಡುಗೆ ಸಿದ್ಧವಾಗಿದೆ' ಅಂತಾಳೆ. 'ಬಾಗಿಲು ಹಾಕಿಕೊಳ್ಳಬೇಕು' ಅಂತಾಳೆ. ಸೀರೆಗೆ ಬೇಕಂತಲೇ ತಲೆ ತಾಗಿಸಿದೆ. ಸುಮ್ನೆ ತಗೊಂಡ್ ಹೋಗಿ ನೆನೆಸಿದ್ಲು. ಒಂದು ಬೈಗುಳ ಇಲ್ಲ. ಕಾಲಿಗೆ ಬಿದ್ದೆ. 'ಪರವಾಗಿಲ್ಲ, ಏಳು' ಅಂದ್ಲು. ಏನ್ರೀ ಮಾಡ್ಲಿ?"

ಯಾರ ಮಾತನ್ನು ಅವರು ಆಸೆಪಟ್ಟು ಕೇಳುತ್ತಿದ್ದರೋ ಅವರೇ ಅವರ ಮುಂದೆ ಬಾಯಿ ಮುಚ್ಚಿಕೊಂಡರಲ್ಲ, ಅದನ್ನು ನೆನೆದರೆ ಸಂಕಟವಾಗುತ್ತದೆ. ಮೇಡಂ ಆಮೇಲೆ ನಾಟಕ ಬರೆಯಲಿಲ್ಲ. ಕೇಳಿದರೆ, "ಬರೆದ್ರೆ ಕೇಳೋಕೂ ಸಿಗಲ್ಲ ಮೇಷ್ಟ್ರೇ" ಅನ್ನುತ್ತಿದ್ದರು. ನಿವೃತ್ತಿಯಾದ ಮೇಲೆ ಬಸ್ಸಿನ ಓಡಾಟ ಹೆಚ್ಚಾಯಿತು. ಹೆಂಗಸರಿಗೆ ಬಸ್ಸು ಫ್ರೀ ಆದದ್ದೇ ಆದದ್ದು, ಕಾಲಿಗೆ ಚಕ್ರ ಕಟ್ಟಿಕೊಂಡುಬಿಟ್ಟರು. ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಎಷ್ಟೋ ಸಲ ಸಿಕ್ಕಿದ್ದಾರೆ. ಎಲ್ಲಿಗೆ ಮೇಡಂ ಅಂದರೆ, ಯಾವ ಬಸ್ಸು ಮೊದಲು ಹೊರಡುತ್ತೋ ಅಲ್ಲಿಗೆ ಅನ್ನುತ್ತಿದ್ದರು. ಬಸ್ಸು ಹೊರಟ ಮೇಲೆ ಕಿಟಕಿಯಲ್ಲಿ ಅವರ ತುಟಿ ಅಲ್ಲಾಡುವುದು ಕಾಣುತ್ತಿತ್ತು.

ಇಷ್ಟನ್ನು ಬರೆದು ಮುಗಿಸಲು ಒಂದು ವಾರ ಹಿಡಿಯಿತು. ಆ ಹೊತ್ತಿಗೆ ಮೊದಲ ಸಾಲಿನ ಚಿಂತೆ ಉಳಿದಿರಲಿಲ್ಲ, ಅಕ್ಕನ ಚಿಂತೆ ಮಾತ್ರ ಉಳಿದಿತ್ತು. ಅವರನ್ನು ಕೇಳದೆ ಅಚ್ಚಿಗೆ ಕೊಡುವುದು ಬೇಡ, ಬೇಡ ಅಂದರೆ ಹರಿದುಹಾಕುವುದು ಅಂತ ನಿಶ್ಚಯಿಸಿ, ನಿನ್ನೆ ಹೊಳೆನರಸೀಪುರಕ್ಕೆ ಹೋದೆ.

ಅಕ್ಕನಿಗೆ ಈಗ ಕಣ್ಣು ಮಂಜು. ದನಿಯಿಂದಲೇ ಗುರುತು ಹಿಡಿದು, "ಬನ್ನಿ. ಕುಳಿತುಕೊಳ್ಳಿ. ತಮಗೆ ಕಾಫಿ ಆಗಬಹುದೇ?" ಅಂದರು. ರೇಡಿಯೋ ವಾರ್ತೆ. ಬಂದ ವಿಷಯ ಹೇಳಿದೆ. ಅವರು ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡರು. ಓದತೊಡಗಿದೆ. ಕಡಲೇಕಾಯಿ ಓದಿದೆ, ಕಂಡಕ್ಟರನನ್ನು ಓದಿದೆ, ನಮ್ಮಪ್ಪನನ್ನು ಓದಿದೆ. ನಾಟಕದ ಭಾಗ ಬಂದಾಗ ನನ್ನ ದನಿ ಇಳಿಯಿತು. ಅವರ ಮುಖ ಹಾಗೇ ಇತ್ತು, ಒಂದು ಗೆರೆಯೂ ಅಲ್ಲಾಡಲಿಲ್ಲ. ಮುಗಿಸಿ ಎದ್ದುಬಿಡೋಣ ಅನ್ನಿಸಿತು.

ಕೊನೆಯ ಹಾಳೆಯಲ್ಲಿ, ಮೇಡಂ ಯಾವಾಗಲೋ ಸ್ಟಾಫ್ ರೂಮಿನಲ್ಲಿ ಆಡಿದ್ದ ಒಂದು ಮಾತನ್ನು ಸುಮ್ಮನೆ ಬರೆದಿಟ್ಟಿದ್ದೆ. ಅದನ್ನು ಮೇಡಂ ತಡೆಯುತ್ತಿದ್ದ ಕಡೆ ತಡೆದು, ಎಳೆಯುತ್ತಿದ್ದ ಕಡೆ ಎಳೆದು ಓದಿದೆ.

"ನಮ್ಮಕ್ಕ ಇದಾಳಲ್ಲ, ಅವಳಿಗೆ ಸಾರು ಕುದಿಯೋವಾಗ ಯಾರೂ ಅಡಿಗೆಮನೆಗೆ ಬರಬಾರ್ದು. ನಾನು ಹೋದ್ರೆ ಉಪ್ಪು ಮರ್ತುಬಿಡ್ತಾಳೆ. ಆಮೇಲೆ ಉಪ್ಪಿಲ್ಲದ ಸಾರಿಗೂ ನಾನೇ ಕಾರಣ, ಇನ್ನೊಂದ್ಸಲ ಹಾಕಿದ್ದಕ್ಕೂ ನಾನೇ ಕಾರಣ!"

ಅಕ್ಕ ಒಂದು ಉಸಿರು ಎಳೆದುಕೊಂಡರು.

"ಸುಳ್ಳು ಬೊಗಳ್ಬೇಡ ಕಣೇ ಶನಿ! ಯಾವತ್ತೇ ಮರ್ತೆ ನಾನು? ಒಂದ್ ದಿನ, ಒಂದೇ ದಿನ. ಅವತ್ತೂ ನೀನು ಬಂದು ಯಾವಳೋ ಬಸ್ಸಲ್ಲಿ ಹಿಂಗಂದ್ಲು ಹಂಗಂದ್ಲು ಅಂತ ಕುಣೀತಾ ನಿಂತ್ಯಲ್ಲ, ಅದನ್ನ ಕೇಳ್ತಾ ಮೈಮರ್ತೆ. ಎರಡ್ ಸಲ ಬಡಿಸ್ಕೊಂಡು ಉಂಡ್ಯಲ್ಲೇ ಅದೇ ಸಾರನ್ನ! ಆಗ ಬಾಯಿ ಬಿದ್ದು ಹೋಗಿತ್ತಾ?"

ಬೀದಿಗೆಲ್ಲ ಕೇಳುವ ದನಿ. ಅಕ್ಕ ಸೆರಗಿನಿಂದ ಬಾಯಿ ಒರೆಸಿಕೊಂಡು, ನನ್ನ ಕೈಯಲ್ಲಿದ್ದ ಹಾಳೆಯ ಕಡೆಗೆ ಮುಖ ತಿರುಗಿಸಿದರು.

"ಓದಿ ಮೇಷ್ಟ್ರೇ, ಯಾಕೆ ನಿಲ್ಲಿಸಿದ್ರಿ? ಅದಕ್ಕೆ ಏನಂತಾಳೆ ಅವಳು?"

ನಾನು ಬರೆದದ್ದು ಅಲ್ಲಿಗೆ ಮುಗಿದಿತ್ತು.